ನಿರುದ್ಯೋಗ ಇಳಿದಿದೆ ಅಂತ ಪೇಪರ್‌ನಲ್ಲಿ ಬಂದಾಗ ಏನೇನು ನೋಡಬೇಕು

2021ರ ಜುಲೈ ಕೊನೆ. ತಿಪಟೂರು ಹತ್ತಿರದ ನಮ್ಮೂರಲ್ಲಿ ಅಪ್ಪ ಜಗಲಿ ಮೇಲೆ ಕೂತು ಪೇಪರ್ ಓದುತ್ತಿದ್ದರು. 'ನೋಡಮ್ಮ, ದೇಶದಲ್ಲಿ ನಿರುದ್ಯೋಗ ಇಳಿದಿದೆಯಂತೆ. 5.8 ಇದ್ದದ್ದು 4.8 ಆಗಿದೆ' ಎಂದರು. ಎದುರಿಗೇ ಅಂಗಳದಲ್ಲಿ ನನ್ನ ತಮ್ಮ ತೆಂಗಿನಕಾಯಿ ಸುಲಿಯುತ್ತಿದ್ದ. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಒಂಬತ್ತು ವರ್ಷ ಲೇತ್ ಓಡಿಸಿದವನು ಅವನು. ಹಿಂದಿನ ವರ್ಷ ಯುಗಾದಿ ದಿನ ಬೆಳಗ್ಗೆ, ಗೆಳೆಯನ ಬೈಕ್ ಹಿಂದೆ ಕೂತು ಊರಿಗೆ ಬಂದವನು ವಾಪಸ್ ಹೋಗಿರಲಿಲ್ಲ. ತಲೆ ಎತ್ತದೆ, 'ಹಂಗಾದ್ರೆ ನಂಗೂ ಕೆಲ್ಸ ಸಿಕ್ಕಿರ್ಬೇಕು ಬಿಡಿ' ಎಂದ.

ಅವನು ವ್ಯಂಗ್ಯವಾಗಿ ಹೇಳಿದ. ಆದರೆ ಅದು ಅಕ್ಷರಶಃ ನಿಜವಾಗಿತ್ತು. ಸರ್ಕಾರದ ಲೆಕ್ಕದಲ್ಲಿ ಅವನು ಒಂದು ದಿನವೂ ನಿರುದ್ಯೋಗಿ ಆಗಿರಲಿಲ್ಲ. ನನಗದು ಗೊತ್ತಿತ್ತು. ಆ ಫಾರಂ ತುಂಬುತ್ತಿದ್ದವಳು ನಾನೇ. ಅವನ ಫಾರಂ ಅಲ್ಲ, ಅಂಥ ನೂರಾರು ಜನರದ್ದು. ಮೂರು ವರ್ಷ ಗುತ್ತಿಗೆ ಮೇಲೆ ಮನೆಮನೆಗೆ ಹೋಗಿ, ಟ್ಯಾಬ್ ಹಿಡಿದು, 'ಕಳೆದ ಏಳು ದಿನ ಏನು ಮಾಡಿದ್ರಿ?' ಅಂತ ಕೇಳಿದ್ದೇನೆ. ಈಗ ಆ ಕೆಲಸ ಬಿಟ್ಟು ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಆದರೂ ನಿರುದ್ಯೋಗದ ಸುದ್ದಿ ಬಂದಾಗಲೆಲ್ಲ ನೆಂಟರು, ಹಳೆ ಸ್ನೇಹಿತರು ಕೇಳುತ್ತಾರೆ, 'ಇದನ್ನ ನಂಬಬಹುದಾ?' ಅಂತ. ನಂಬಬಹುದು. ಆದರೆ ಓದೋಕೆ ಗೊತ್ತಿರಬೇಕು. ಅದರಲ್ಲೂ ಆರ್ಥಿಕತೆ ಕುಸಿದ ಹೊತ್ತಿನಲ್ಲಿ.

ಮೊದಲು, ಭಾಗಿಸಿದ್ದು ಯಾವುದರಿಂದ ಅಂತ ನೋಡಿ

ನಿರುದ್ಯೋಗ ದರ ಅಂದರೆ ನೂರು ಜನರಲ್ಲಿ ಎಷ್ಟು ಜನಕ್ಕೆ ಕೆಲಸ ಇಲ್ಲ ಎಂಬ ಲೆಕ್ಕ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ. ಕೆಲಸ ಮಾಡುತ್ತಿರುವವರು ಮತ್ತು ಕೆಲಸ ಬೇಕು ಅನ್ನುವವರು, ಈ ಇಬ್ಬರನ್ನು ಮಾತ್ರ ಒಟ್ಟು ಸೇರಿಸುತ್ತಾರೆ. ಇದಕ್ಕೆ ಕಾರ್ಮಿಕ ಬಲ ಅಥವಾ ಲೇಬರ್ ಫೋರ್ಸ್ ಅಂತ ಹೆಸರು. ಓದುತ್ತಿರುವವರು, ಮನೆ ನೋಡಿಕೊಳ್ಳುವವರು, 'ಸಾಕಪ್ಪ, ಇನ್ನು ಕೆಲಸವೇ ಬೇಡ' ಅಂದವರು ಇದರಲ್ಲಿ ಬರುವುದಿಲ್ಲ. ದರವನ್ನು ಲೆಕ್ಕ ಹಾಕುವುದು ಈ ಬಳಗದ ಒಳಗೆ ಮಾತ್ರ.

ಒಂದು ಊರಲ್ಲಿ ದೊಡ್ಡವರು ನೂರು ಜನ ಇದ್ದಾರೆ ಅಂದುಕೊಳ್ಳಿ. 45 ಜನಕ್ಕೆ ಕೆಲಸ ಇದೆ, 5 ಜನ ಹುಡುಕುತ್ತಿದ್ದಾರೆ. ಬಳಗದಲ್ಲಿ 50 ಜನ, ನಿರುದ್ಯೋಗ 10%. ಈಗ ಒಂದು ಕಾರ್ಖಾನೆ ಮುಚ್ಚಿತು. ಐವರ ಕೆಲಸ ಹೋಯಿತು. ಕೆಲಸ ಇಲ್ಲದವರು 10 ಜನ ಆದರು. ಆದರೆ ಎಲ್ಲ ಕಡೆ ಬಾಗಿಲು ಹಾಕಿರುವಾಗ ಯಾರು ತಾನೇ ಅಲೆದಾಡುತ್ತಾರೆ? ಅದರಲ್ಲಿ 7 ಜನ 'ಈಗ ಬೇಡ' ಅಂತ ಸುಮ್ಮನಾದರು. ಉಳಿದವರು 3. ಬಳಗ 43ಕ್ಕೆ ಇಳಿಯಿತು. 43ರಲ್ಲಿ 3 ಅಂದರೆ ಸುಮಾರು 7%. ಕಾರ್ಖಾನೆ ಮುಚ್ಚಿದ ಮೇಲೆ ನಿರುದ್ಯೋಗ 10ರಿಂದ 7ಕ್ಕೆ ಇಳಿದಿದೆ! ಯಾರೂ ಸುಳ್ಳು ಹೇಳಿಲ್ಲ, ಲೆಕ್ಕವೂ ತಪ್ಪಿಲ್ಲ.

ಅದಕ್ಕೇ ನಾನು ಒಂಟಿ ನಿರುದ್ಯೋಗ ದರವನ್ನು ಓದುವುದೇ ಇಲ್ಲ. ಪಕ್ಕದಲ್ಲಿ ಇನ್ನೆರಡು ಸಂಖ್ಯೆ ಬರೆದುಕೊಳ್ಳುತ್ತೇನೆ. ನೂರು ಜನರಲ್ಲಿ ಎಷ್ಟು ಜನ ಬಳಗದಲ್ಲಿದ್ದಾರೆ, ಎಷ್ಟು ಜನ ನಿಜಕ್ಕೂ ದುಡಿಯುತ್ತಿದ್ದಾರೆ. ಎರಡೂ ಅದೇ ವರದಿಯಲ್ಲಿ ಇರುತ್ತವೆ, ಹೆಡ್‌ಲೈನ್‌ನಲ್ಲಿ ಇರುವುದಿಲ್ಲ ಅಷ್ಟೇ. ಮೇಲಿನ ಊರಲ್ಲಿ ದುಡಿಯುವವರು 45ರಿಂದ 40 ಆದರು. ಸತ್ಯ ಅಲ್ಲಿತ್ತು.

ಇದು ಬರೀ ಉದಾಹರಣೆ ಅಲ್ಲ. 2020ರ ಏಪ್ರಿಲ್‌ನಲ್ಲಿ ಸಿಎಂಐಇ ಎಂಬ ಖಾಸಗಿ ಸಂಸ್ಥೆಯ ಸಮೀಕ್ಷೆ ನಿರುದ್ಯೋಗ 23.5% ಅಂತ ಹೇಳಿತು. ಎಲ್ಲರೂ ಬೆಚ್ಚಿಬಿದ್ದರು. ನನ್ನನ್ನು ಬೆಚ್ಚಿಸಿದ್ದು ಅದೇ ವರದಿಯ ಇನ್ನೊಂದು ಸಂಖ್ಯೆ. ಏಪ್ರಿಲ್ ಹೊತ್ತಿಗೆ 12.2 ಕೋಟಿ ಜನರ ಕೆಲಸ ಹೋಗಿತ್ತು. ಅವರಲ್ಲಿ ತುಂಬಾ ಜನ ಕೆಲಸ ಹುಡುಕುತ್ತಲೂ ಇರಲಿಲ್ಲ. ಲಾಕ್‌ಡೌನ್‌ನಲ್ಲಿ ಎಲ್ಲಿ ಹುಡುಕುವುದು? ಅವರೆಲ್ಲ ಹುಡುಕಿದ್ದರೆ 23.5 ಎಲ್ಲಿಗೆ ಹೋಗಿ ಮುಟ್ಟುತ್ತಿತ್ತೋ.

ವರ್ಷದ ಲೆಕ್ಕವಾ, ವಾರದ ಲೆಕ್ಕವಾ?

ಅಪ್ಪ ಓದಿದ 4.8 ಎಲ್ಲಿಂದ ಬಂತು ಅಂತ ಈಗ ಹೇಳುತ್ತೇನೆ. ಇದು ಪಿಎಲ್‌ಎಫ್‌ಎಸ್ ಎಂಬ ಸರ್ಕಾರಿ ಸಮೀಕ್ಷೆಯ ಸಂಖ್ಯೆ. 2017ರಲ್ಲಿ ಶುರುವಾಯಿತು. ಇದರಲ್ಲಿ ಒಬ್ಬರನ್ನೇ ಎರಡು ಥರ ಅಳೆಯುತ್ತಾರೆ.

ಒಂದು, ವರ್ಷದ ಲೆಕ್ಕ. ಯೂಷುವಲ್ ಸ್ಟೇಟಸ್ ಅನ್ನುತ್ತಾರೆ. ಕಳೆದ 365 ದಿನದಲ್ಲಿ ಜಾಸ್ತಿ ಕಾಲ ಏನು ಮಾಡುತ್ತಿದ್ದಿರಿ ಅನ್ನುವ ಪ್ರಶ್ನೆ. ಇದರಲ್ಲಿ ಇನ್ನೊಂದು ಕಿಟಕಿಯೂ ಇದೆ. ವರ್ಷದಲ್ಲಿ ಹೆಚ್ಚು ಕಾಲ ಕೆಲಸ ಹುಡುಕುತ್ತಾ ಇದ್ದರೂ, ಮಧ್ಯೆ ಎಲ್ಲೋ 30 ದಿನ ಅಥವಾ ಹೆಚ್ಚು ದುಡಿದಿದ್ದರೆ ನೀವು ಉದ್ಯೋಗಿ. ಎಂಟು ತಿಂಗಳು ಅರ್ಜಿ ಹಾಕುತ್ತಾ ಕೂತ ಬಿ.ಕಾಂ. ಹುಡುಗ ನಲವತ್ತು ದಿನ ಸೋದರಮಾವನ ಅಂಗಡಿಯಲ್ಲಿ ಪೊಟ್ಟಣ ಕಟ್ಟಿದರೆ, ಉದ್ಯೋಗಿ.

ಇನ್ನೊಂದು, ವಾರದ ಲೆಕ್ಕ. ಕರೆಂಟ್ ವೀಕ್ಲಿ ಸ್ಟೇಟಸ್. ಕಳೆದ ಏಳು ದಿನದಲ್ಲಿ ಯಾವುದಾದರೂ ಒಂದು ದಿನ, ಒಂದೇ ಒಂದು ಗಂಟೆ ದುಡಿದಿದ್ದರೂ ನೀವು ಉದ್ಯೋಗಿ. ಮದುವೆ ಮನೆಯಲ್ಲಿ ಒಂದು ಹೊತ್ತು ಬಡಿಸಿ ಕೂಲಿ ತೆಗೆದುಕೊಂಡರೂ ಆಯಿತು. ಒಂದು ಗಂಟೆಯೂ ಇಲ್ಲ, ಆದರೆ ಸಿಕ್ಕರೆ ಮಾಡಲು ಸಿದ್ಧ ಅಂದರೆ ಮಾತ್ರ ನಿರುದ್ಯೋಗಿ. 'ಒಂದು ಗಂಟೆ ಅಂದ್ರೆ ಅದೂ ಒಂದು ಕೆಲ್ಸನಾ ಮೇಡಂ?' ಅಂತ ಹಾಸನದ ಕಡೆ ಒಬ್ಬರು ನನ್ನನ್ನು ರೇಗಿದ್ದರು. ನಿಯಮ ನನ್ನದಲ್ಲ. ಪ್ರಪಂಚದ ಬೇರೆ ದೇಶಗಳಲ್ಲೂ ಒಂದು ಗಂಟೆಯದೇ ಗೆರೆ.

ಈಗ 2019-20ರ ಸಂಖ್ಯೆಗಳನ್ನು ಸಾಲಾಗಿ ಇಡುತ್ತೇನೆ. ವರ್ಷದ ಲೆಕ್ಕದಲ್ಲಿ 4.8%. ವಾರದ ಲೆಕ್ಕದಲ್ಲಿ 8.8%. ಆ ವರ್ಷದ ಕೊನೆಯ ಮೂರು ತಿಂಗಳು, ಅಂದರೆ 2020ರ ಏಪ್ರಿಲ್‌ನಿಂದ ಜೂನ್, ನಗರಗಳಲ್ಲಿ ಮಾತ್ರ, ವಾರದ ಲೆಕ್ಕದಲ್ಲಿ 20.8%. ಅದರ ಹಿಂದಿನ ಮೂರು ತಿಂಗಳಲ್ಲಿ ಇದೇ ದರ 9.1 ಇತ್ತು. ಎಲ್ಲವೂ ಒಂದೇ ಸಮೀಕ್ಷೆಯ ಸಂಖ್ಯೆಗಳು. ಎಲ್ಲವೂ ಸರಿ. ಪೇಪರ್‌ನವರು ಯಾವುದನ್ನು ಎತ್ತಿಕೊಳ್ಳುತ್ತಾರೆ ಅನ್ನುವುದರ ಮೇಲೆ ನಿಮ್ಮ ಬೆಳಗಿನ ಕಾಫಿಯ ರುಚಿ ನಿಂತಿದೆ.

ಸಮೀಕ್ಷೆಯ ವರ್ಷ ಆಗ ಜುಲೈಯಿಂದ ಜೂನ್‌ವರೆಗೆ ಇತ್ತು. ಹಾಗಾಗಿ ಲಾಕ್‌ಡೌನ್ ಬಂದದ್ದು 2019-20ರ ಬಾಲದಲ್ಲಿ. ನನ್ನ ತಮ್ಮನನ್ನು 2020ರ ಜೂನ್‌ನಲ್ಲಿ ಕೇಳಿದ್ದರೆ, 365 ದಿನದಲ್ಲಿ ಒಂಬತ್ತು ತಿಂಗಳು ಪೀಣ್ಯದಲ್ಲಿ ಸಂಬಳ ತೆಗೆದುಕೊಂಡವನು. ವರ್ಷದ ಲೆಕ್ಕದಲ್ಲಿ ಖಾಯಂ ಸಂಬಳದ ನೌಕರ, ನಮ್ಮ ಫಾರಂನಲ್ಲಿ ಅಂಥವರಿಗೆ ಹಾಕುವ ಕೋಡ್ 31. ಕೈಯಲ್ಲಿ ಸಂಬಳ ಇಲ್ಲದೆ ಮೂರು ತಿಂಗಳಾಗಿತ್ತು, ಆದರೂ. ಕುಸಿತ ಹಠಾತ್ತಾಗಿ ಬಂದಾಗ ವರ್ಷದ ಲೆಕ್ಕಕ್ಕೆ ಅದು ಕಾಣಿಸುವುದೇ ಇಲ್ಲ. ಅಂಥ ಹೊತ್ತಿನಲ್ಲಿ ವಾರದ ಲೆಕ್ಕವನ್ನೇ ಹುಡುಕಿ.

ನನ್ನ ಕೋಡ್ ಯಾವುದು?

2020ರ ಮಾರ್ಚ್ 18ಕ್ಕೆ ಸಮೀಕ್ಷೆಯ ಫೀಲ್ಡ್ ಕೆಲಸ ನಿಂತಿತು. ಮತ್ತೆ ಶುರುವಾದದ್ದು ಜೂನ್ 1ಕ್ಕೆ. ಆ ಎರಡೂವರೆ ತಿಂಗಳು ನಾನು ಮನೆಯಲ್ಲಿ ಕೂತು ಒಂದು ವಿಚಿತ್ರ ಯೋಚನೆ ಮಾಡುತ್ತಿದ್ದೆ. ಈಗ ನನ್ನಂಥವಳು ಒಬ್ಬಳು ಬಾಗಿಲು ತಟ್ಟಿ ನನ್ನನ್ನೇ ಕೇಳಿದರೆ, ನಾನು ಯಾವ ಕೋಡ್?

ವಾರದ ಲೆಕ್ಕದಲ್ಲಿ 72 ಅಂತ ಒಂದು ಕೋಡ್ ಇದೆ. ಸಂಬಳದ ಕೆಲಸ ಇದೆ, ಆದರೆ ಕಾಯಿಲೆ ಬಿಟ್ಟು ಬೇರೆ ಕಾರಣದಿಂದ ಆ ವಾರ ಮಾಡಲಿಲ್ಲ ಅನ್ನುವವರಿಗೆ. ಇವರು ಉದ್ಯೋಗಿಗಳು. 82 ಅಂತ ಇನ್ನೊಂದಿದೆ. ಕೆಲಸ ಇಲ್ಲ, ಹುಡುಕುತ್ತಲೂ ಇಲ್ಲ, ಆದರೆ ಸಿಕ್ಕರೆ ಮಾಡುತ್ತೇನೆ ಅನ್ನುವವರಿಗೆ. ಇವರು ನಿರುದ್ಯೋಗಿಗಳು. ನಾನು ಗುತ್ತಿಗೆಯವಳು. ಕೆಲಸ ಇದೆಯಾ ಇಲ್ವಾ ಅಂತ ಹೇಳುವವರು ಯಾರೂ ಇರಲಿಲ್ಲ. 'ಕರೀತೀವಿ, ಕಾಯ್ತಾ ಇರಿ' ಅಂದಿದ್ದರು. ಕಾಯುವವರಿಗೆ ಯಾವ ಕೋಡ್? ನಾನು 'ಕೆಲಸ ಇದೆ' ಅಂತ ನಂಬಿ ಉತ್ತರ ಕೊಟ್ಟರೆ 72. ಆಸೆ ಬಿಟ್ಟು ಉತ್ತರ ಕೊಟ್ಟರೆ 82. ನನ್ನ ಮನಸ್ಸಿನ ಧೈರ್ಯದ ಮೇಲೆ ದೇಶದ ನಿರುದ್ಯೋಗ ದರ ಒಂದು ಎಳ್ಳುಕಾಳಿನಷ್ಟು ಆಚೀಚೆ ಆಗುತ್ತಿತ್ತು.

ಇದು ನಮ್ಮ ದೇಶದ ಗೊಂದಲ ಮಾತ್ರ ಅಲ್ಲ. ಅಮೆರಿಕದಲ್ಲಿ 2020ರ ಏಪ್ರಿಲ್‌ನಲ್ಲಿ ನಿರುದ್ಯೋಗ 14.7% ಅಂತ ಪ್ರಕಟ ಮಾಡಿದರು. ಅದರ ಜೊತೆಗೇ ಅಲ್ಲಿನ ಇಲಾಖೆ ಒಂದು ಮಾತು ಬರೆಯಿತು. ಲಾಕ್‌ಡೌನ್‌ಗೆ ಮನೆಗೆ ಕಳಿಸಿದ ಎಷ್ಟೋ ಜನ 'ಕೆಲಸ ಇದೆ, ರಜೆಯಲ್ಲಿದ್ದಾರೆ' ಅನ್ನುವ ಸಾಲಿಗೆ ಸೇರಿಹೋಗಿದ್ದಾರೆ, ಅವರನ್ನು ನಿರುದ್ಯೋಗಿಗಳ ಸಾಲಿಗೆ ಹಾಕಿದ್ದರೆ ದರ ಇನ್ನೂ ಸುಮಾರು 5 ಅಂಶ ಮೇಲಿರುತ್ತಿತ್ತು ಅಂತ. ನನಗಂತೂ ಆ ಟಿಪ್ಪಣಿ ಓದಿ ಸಮಾಧಾನ ಆಯಿತು. ಅಷ್ಟು ದೊಡ್ಡ ದೇಶದಲ್ಲೂ ನನ್ನಂಥವರೇ ಕೂತು ತಲೆ ಕೆರೆದುಕೊಂಡಿದ್ದಾರೆ. ಅದಕ್ಕೇ ವರದಿಯ ಅಡಿಟಿಪ್ಪಣಿ ಬಿಡಬೇಡಿ. ಸಣ್ಣ ಅಕ್ಷರದಲ್ಲೇ ಇಂಥವೆಲ್ಲ ಇರುತ್ತವೆ.

ಕೆಲಸ ಇದೆ ಸರಿ, ಎಂಥ ಕೆಲಸ?

ನಮ್ಮ ದೇಶದ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಹೊಟ್ಟೆ ತುಂಬಿದವರು ಮಾತ್ರ ನಿರುದ್ಯೋಗಿ ಆಗಿ ಕೂರಬಹುದು. ಉಳಿತಾಯ ಇರಬೇಕು, ಇಲ್ಲವೇ ಅಪ್ಪ ಅಮ್ಮ ಸಾಕಬೇಕು. ಅದಿಲ್ಲದವರು ಮರುದಿನವೇ ಏನೋ ಒಂದು ಹಿಡಿಯುತ್ತಾರೆ. ನಾನು ಹೋದ ಮನೆಗಳಲ್ಲಿ ನಿರುದ್ಯೋಗಿ ಅಂತ ಬರೆದುಕೊಂಡದ್ದು ಹೆಚ್ಚಾಗಿ ಡಿಗ್ರಿ, ಡಿಪ್ಲೊಮಾ ಮಾಡಿದ ಹುಡುಗ ಹುಡುಗಿಯರನ್ನು. ಶಾಲೆಯ ಮುಖ ನೋಡದವರನ್ನು ಹಾಗೆ ಬರೆದದ್ದು ತೀರಾ ಅಪರೂಪ.

ತಮ್ಮ ಊರಿಗೆ ಬಂದ ಮೇಲೆ ಏನು ಮಾಡಿದ? ಮನೆಯ ತೋಟಕ್ಕೆ ನೀರು ಬಿಟ್ಟ, ಕಾಯಿ ಸುಲಿದ, ಕೊಬ್ಬರಿ ಒಡೆದ. ಅದಕ್ಕೆ ಯಾರೂ ಸಂಬಳ ಕೊಡಲಿಲ್ಲ. ಅಪ್ಪ, ನಾನು, ಅಮ್ಮ ಮೊದಲೂ ಅದೇ ಕೆಲಸ ಮಾಡುತ್ತಿದ್ದೆವು. ಮೂವರು ಮಾಡುತ್ತಿದ್ದುದನ್ನು ನಾಲ್ವರು ಮಾಡಿದೆವು. ತೆಂಗಿನ ಮರ ಒಂದು ಕಾಯಿ ಜಾಸ್ತಿ ಬಿಡಲಿಲ್ಲ. ಆದರೆ ಲೆಕ್ಕದಲ್ಲಿ ಅವನು ಕೋಡ್ 21. ಮನೆಯ ಉದ್ಯಮದಲ್ಲಿ ಸಂಬಳವಿಲ್ಲದ ಸಹಾಯಕ. ಅಂದರೆ ಉದ್ಯೋಗಿ! 2020-21ರ ಲೆಕ್ಕದಲ್ಲೂ ಅವನು ಬಚಾವ್.

ಇಂಥ ಸಹಾಯಕರು ದುಡಿಯುವ ನೂರು ಜನರಲ್ಲಿ 2018-19ರಲ್ಲಿ 13.3 ಇದ್ದರು. 2019-20ರಲ್ಲಿ 15.9, 2020-21ರಲ್ಲಿ 17.3. ಅದೇ ಎರಡು ವರ್ಷದಲ್ಲಿ ಖಾಯಂ ಸಂಬಳದವರು 23.8ರಿಂದ 21.1ಕ್ಕೆ ಇಳಿದರು. ಕೃಷಿಯಲ್ಲಿ ದುಡಿಯುವವರ ಪಾಲು 42.5ರಿಂದ 46.5ಕ್ಕೆ ಏರಿತು. ಹೊಲದಿಂದ ಕಾರ್ಖಾನೆಗೆ ಜನ ಹೋಗುವುದು ನೋಡಿದ್ದೇವೆ. ಇದು ಹಿಮ್ಮುಖ ನಡಿಗೆ. ಇದೇ ಅವಧಿಯಲ್ಲಿ ನಿರುದ್ಯೋಗ ದರ ಮಾತ್ರ 5.8, 4.8, 4.2 ಅಂತ ಇಳಿಯುತ್ತಾ ಬಂತು. ಕರ್ನಾಟಕದ್ದಂತೂ 2019-20ರಲ್ಲಿ 4.2 ಇದ್ದದ್ದು 2020-21ರಲ್ಲಿ 2.7. ಎರಡನೇ ಅಲೆಯಲ್ಲಿ ಆಕ್ಸಿಜನ್‌ಗೆ ಓಡಾಡಿದ ವರ್ಷ ಅದು, ನೆನಪಿದೆಯಲ್ವಾ?

ನರೇಗಾ ಲೆಕ್ಕವನ್ನೂ ಪಕ್ಕಕ್ಕಿಟ್ಟು ನೋಡಿ. 2019-20ರಲ್ಲಿ ದೇಶದಲ್ಲಿ ಸುಮಾರು 265 ಕೋಟಿ ಮಾನವ ದಿನಗಳ ಕೆಲಸ ಆಗಿತ್ತು. 2020-21ರಲ್ಲಿ 389 ಕೋಟಿ. ಕರ್ನಾಟಕದಲ್ಲಿ ಆಗ ದಿನಕ್ಕೆ 275 ರೂಪಾಯಿ ಕೂಲಿ. ನಮ್ಮೂರ ಪಕ್ಕದಲ್ಲೇ ಕೃಷಿ ಹೊಂಡ ತೋಡುವ ಜಾಗದಲ್ಲಿ ಬೆಂಗಳೂರಿನಿಂದ ಬಂದ ಹುಡುಗರನ್ನು ಕಂಡಿದ್ದೇನೆ. ಜೀನ್ಸ್ ಹಾಕಿಕೊಂಡು, ಕೈಯಲ್ಲಿ ಸಲಿಕೆ ಹಿಡಿಯಲು ಬಾರದೆ. ಆ ಕೆಲಸ ಇದ್ದದ್ದು ದೊಡ್ಡ ಪುಣ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ನರೇಗಾ ಬೇಡಿಕೆ ಏರಿದೆ, ನಿರುದ್ಯೋಗ ದರ ಇಳಿದಿದೆ ಅಂತ ಒಟ್ಟಿಗೆ ಕಂಡಾಗ ನಾನು ನಂಬಿದ್ದು ನರೇಗಾ ಲೆಕ್ಕವನ್ನು.

ಹೆಂಗಸರ ಸಂಖ್ಯೆಯ ಬಗ್ಗೆ ಒಂದು ಒಳಗಿನ ಮಾತು. 15 ವರ್ಷ ದಾಟಿದ ಹೆಂಗಸರಲ್ಲಿ ಕಾರ್ಮಿಕ ಬಲಕ್ಕೆ ಸೇರಿದವರು 2018-19ರಲ್ಲಿ 24.5% ಇದ್ದರು, 2020-21ರಲ್ಲಿ 32.5% ಆದರು. ಮನೆಗೆ ಹೋಗಿ 'ನೀವೇನು ಕೆಲಸ ಮಾಡ್ತೀರಾ?' ಅಂದರೆ ಹತ್ತರಲ್ಲಿ ಎಂಟು ಹೆಂಗಸರು 'ಏನಿಲ್ಲ, ಮನೇಲೇ ಇರ್ತೀನಿ' ಅನ್ನುತ್ತಾರೆ. ಬರೆದರೆ ಅದು 92, ಬಳಗದ ಹೊರಗೆ. ನಾನು ಹೊರಡುವ ಮುಂಚೆ ಕೊಟ್ಟಿಗೆ ಕಡೆ ನೋಡಿ 'ಹಸು ಯಾರು ನೋಡ್ಕೊಳ್ತಾರೆ?' ಅಂತ ಕೇಳುತ್ತಿದ್ದೆ. 'ಇನ್ಯಾರು, ನಾನೇ. ಬೆಳಗ್ಗೆ ಡೇರಿಗೆ ಹಾಲೂ ನಾನೇ ಹಾಕ್ಬೇಕು.' ಆಯಿತು, 21. ಒಂದು ಪ್ರಶ್ನೆಗೆ ಒಬ್ಬಳು ಕಾರ್ಮಿಕಳಾದಳು. ಹಾಗಾಗಿ ಈ ಏರಿಕೆಯಲ್ಲಿ ಸ್ವಲ್ಪ ನಮ್ಮ ಕೇಳುವ ರೀತಿ ಇರಬಹುದು. ಸ್ವಲ್ಪ ಗಂಡನ ಸಂಬಳ ನಿಂತಿದ್ದಕ್ಕೆ ಹೊಲಕ್ಕೆ ಇಳಿದ ಕಷ್ಟ ಇರಬಹುದು. ಒಳ್ಳೆ ಕೆಲಸ ಸಿಕ್ಕಿದ್ದೂ ಇರಬಹುದು. 'ಮಹಿಳೆಯರ ಪಾಲು ಏರಿದೆ' ಎಂಬ ಸುದ್ದಿ ಕಂಡರೆ, ಎಂಥ ಕೆಲಸದಲ್ಲಿ ಏರಿದೆ ಎಂಬ ಪಟ್ಟಿಯನ್ನು ಹುಡುಕಿ. ಅದು ಸಿಗುವವರೆಗೆ ಖುಷಿಯನ್ನೂ ಬೇಸರವನ್ನೂ ತಡೆದಿಡಿ.

ಉಳಿದ ಸಣ್ಣಪುಟ್ಟವು

ಜಿಡಿಪಿ ಚೇತರಿಸಿಕೊಂಡ ಕೂಡಲೇ ಕೆಲಸವೂ ಬಂತು ಅಂದುಕೊಳ್ಳಬೇಡಿ. ಸತತ ಎರಡು ತ್ರೈಮಾಸಿಕ ಜಿಡಿಪಿ ಕುಗ್ಗಿದರೆ ಹಿಂಜರಿತ ಅನ್ನುವುದು ವಾಡಿಕೆ. ಮೊದಲ ಅಂದಾಜಿನ ಪ್ರಕಾರ ನಮ್ಮಲ್ಲಿ 2020ರ ಏಪ್ರಿಲ್‌-ಜೂನ್‌ನಲ್ಲಿ 23.9%, ಜುಲೈ-ಸೆಪ್ಟೆಂಬರ್‌ನಲ್ಲಿ 7.5% ಕುಗ್ಗಿತು. ಅಕ್ಟೋಬರ್-ಡಿಸೆಂಬರ್‌ನಲ್ಲಿ 0.4% ಏರಿತು. ಹಿಂಜರಿತ ಮುಗಿಯಿತು ಅಂತ ಟಿವಿಯಲ್ಲಿ ಹೇಳಿದರು. ಅದೇ ಮೂರು ತಿಂಗಳಲ್ಲಿ ನಗರದ ನಿರುದ್ಯೋಗ 10.3%. 2021ರ ಏಪ್ರಿಲ್‌-ಜೂನ್‌ನಲ್ಲಂತೂ ಜಿಡಿಪಿ 20.1% ಏರಿತು ಅಂತ ಬಂತು, ಹಿಂದಿನ ವರ್ಷ ಪಾತಾಳಕ್ಕೆ ಹೋಗಿದ್ದರಿಂದ. ನಗರದ ನಿರುದ್ಯೋಗ ಅದೇ ಹೊತ್ತಿಗೆ 12.6%. ಅಮೆರಿಕದಲ್ಲೂ ಇದೇ ಕಥೆ. ಅಲ್ಲಿ ಹಿಂದಿನ ದೊಡ್ಡ ಹಿಂಜರಿತ ಮುಗಿದದ್ದು 2009ರ ಜೂನ್‌ನಲ್ಲಿ, ನಿರುದ್ಯೋಗ 10% ಮುಟ್ಟಿದ್ದು ಅಕ್ಟೋಬರ್‌ನಲ್ಲಿ. ಮಾಲೀಕ ಮೊದಲು ಇರುವವರಿಗೆ ಓವರ್‌ಟೈಮ್ ಕೊಡುತ್ತಾನೆ, ಆಮೇಲೆ ಹೊಸಬರನ್ನು ಕರೆಯುತ್ತಾನೆ.

ಸಿಎಂಐಇ ಸಂಖ್ಯೆಯನ್ನೂ ಸರ್ಕಾರದ ಸಂಖ್ಯೆಯನ್ನೂ ಅಕ್ಕಪಕ್ಕ ಇಟ್ಟು 'ಏರಿತು, ಇಳಿಯಿತು' ಅನ್ನಬಾರದು. ಪ್ರಶ್ನೆ ಬೇರೆ, ಗೆರೆ ಬೇರೆ. ಸೇರು ಮತ್ತು ಲೀಟರ್ ಕಳೆದ ಹಾಗೆ ಆಗುತ್ತದೆ.

2025ರಿಂದ ಪಿಎಲ್‌ಎಫ್‌ಎಸ್ ಪ್ರತಿ ತಿಂಗಳೂ ಬರುತ್ತಿದೆ, ಹಳ್ಳಿ ಪಟ್ಟಣ ಎರಡಕ್ಕೂ, ವಾರದ ಲೆಕ್ಕದಲ್ಲಿ. ಮೊದಲ ಸಂಖ್ಯೆ ಆ ಏಪ್ರಿಲ್‌ನದ್ದು 5.1%, ಮೇ ತಿಂಗಳಿಗೆ 5.6% ಆಯಿತು. 'ಅಯ್ಯೋ ಏರಿತು' ಅಂತ ಗಾಬರಿ ಬೀಳುವ ಮುಂಚೆ ಯೋಚಿಸಿ. ಸುಗ್ಗಿ ಮುಗಿದ ಮೇಲೆ, ಮುಂಗಾರು ಬಿತ್ತನೆಗೆ ಮುಂಚೆ, ಹೊಲದಲ್ಲಿ ಯಾವಾಗಲೂ ಕೆಲಸ ಕಡಿಮೆ. ಮೇ ತಿಂಗಳನ್ನು ಹಿಂದಿನ ವರ್ಷದ ಮೇ ಜೊತೆ ಹೋಲಿಸಿ, ಏಪ್ರಿಲ್ ಜೊತೆ ಬೇಡ.

ಆವತ್ತು ಜಗಲಿ ಮೇಲೆ, ಇದರಲ್ಲಿ ಆಗ ಗೊತ್ತಿದ್ದಷ್ಟನ್ನು ಒಂದು ಗಂಟೆ ಕೊರೆದೆ. ತಮ್ಮ ಅರ್ಧಕ್ಕೇ ಎದ್ದು ಹೋದ. ಅಪ್ಪ ಪೂರ್ತಿ ಕೇಳಿಸಿಕೊಂಡರು. ಮೂವತ್ತೈದು ವರ್ಷ ಪ್ರೈಮರಿ ಸ್ಕೂಲಲ್ಲಿ ಲೆಕ್ಕ ಹೇಳಿಕೊಟ್ಟವರು, ನಿವೃತ್ತರಾಗಿ ಹತ್ತು ವರ್ಷ. ಕೊನೆಗೆ ಕನ್ನಡಕ ತೆಗೆದು ಕೇಳಿದರು.

'ಹಾಗಾದ್ರೆ ನಾನು? ನನ್ನದು ಪಿಂಚಣಿ ಕೋಡ್ ಅಲ್ವಾ, 94?'

'ಕೊಬ್ಬರಿ ಮಾರೋರು ಯಾರಪ್ಪ?'

'ನಾನೇ.'

'ವರ್ಷದಲ್ಲಿ ಎಷ್ಟು ದಿನ ತೋಟಕ್ಕೆ ಹೋಗ್ತೀರಾ?'

'ಮಳೆ ಬಿಟ್ಟು ಎಲ್ಲಾ ದಿನ.'

'11. ಸ್ವಂತ ಉದ್ಯೋಗ' ಎಂದೆ. ಅಪ್ಪ ಪೇಪರ್ ಮಡಚಿ ಪಕ್ಕಕ್ಕಿಟ್ಟು, ತಮ್ಮ ಅರ್ಧಕ್ಕೆ ಬಿಟ್ಟು ಹೋದ ಕಾಯಿ ರಾಶಿ ಕಡೆ ನೋಡಿದರು.